ಕೈಗವಸು ಹಂಚಿದರೆ ಮುಗಿಯಿತೇ? ಸ್ಥಳೀಯ ಸಂಸ್ಥೆಗಳು ಮರೆತ ಮಾಲೀಕನ ಹೊಣೆ

ಸೆಪ್ಟೆಂಬರ್ 23 ರಾಜ್ಯದಲ್ಲಿ ಪೌರಕಾರ್ಮಿಕರ ದಿನಾಚರಣೆ. ಅಂದು ಮಹಾನಗರ ಪಾಲಿಕೆಗಳಿಂದ ಹಿಡಿದು ಪಟ್ಟಣ ಪಂಚಾಯಿತಿಗಳವರೆಗೆ ಸನ್ಮಾನ, ಸಿಹಿಯೂಟ, ಕ್ರೀಡಾಕೂಟಗಳು ನಡೆಯುತ್ತವೆ. ಜನಪ್ರತಿನಿಧಿಗಳು ಹಾರ ಹಾಕುತ್ತಾರೆ. ಸಮವಸ್ತ್ರ, ಕೈಗವಸು, ಬೂಟುಗಳ ಕಟ್ಟುಗಳು ವೇದಿಕೆಯ ಮೇಲೆಯೇ ಕೈಬದಲಾಗುತ್ತವೆ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಅಂದು ಪೀಣ್ಯದ ಕಾರ್ಖಾನೆಗಳಲ್ಲಿ, ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಮಿಕರು ಪ್ರತಿಜ್ಞೆ ಸ್ವೀಕರಿಸುತ್ತಾರೆ, ಬೆಂಕಿ ನಂದಿಸುವ ಅಣಕು ಪ್ರದರ್ಶನ ನಡೆಯುತ್ತದೆ, ಅಪಘಾತವಿಲ್ಲದೆ ಕಳೆದ ದಿನಗಳ ಲೆಕ್ಕವನ್ನು ಫಲಕದ ಮೇಲೆ ಬರೆಯಲಾಗುತ್ತದೆ. ಒಂದೇ ರಾಜ್ಯದ ಎರಡು ಬಗೆಯ ದುಡಿಮೆಗಾರರಿಗೆ ಎರಡು ಬಗೆಯ ದಿನಗಳು. ಕಾರ್ಖಾನೆಯ ಕೆಲಸಗಾರನ ದಿನದಲ್ಲಿ ಅಪಘಾತದ ಮಾತಿದೆ, ನಗರದ ಕೊಳೆ ತೆಗೆಯುವವನ ದಿನದಲ್ಲಿ ಗೌರವದ ಮಾತಿದೆ.

ಗೌರವ ಬೇಡವೆಂದು ಯಾರೂ ಹೇಳಲಾರರು. ತಲೆತಲಾಂತರದಿಂದ ಅದನ್ನೇ ನಿರಾಕರಿಸಲ್ಪಟ್ಟ ಸಮುದಾಯಗಳಿಗೆ ಅದು ಸಣ್ಣ ಸಂಗತಿಯೂ ಅಲ್ಲ. ಆದರೆ ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆ ಎಂಬುದು ಸನ್ಮಾನದ ವಿಷಯವಲ್ಲ, ಆಡಳಿತದ ವಿಷಯ. ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಅದು ಮೂರು ಕಡತಗಳಾಗಿ ಹರಿದು ಹಂಚಿಹೋಗಿದೆ. ಕೈಗವಸು, ಬೂಟು ಕೊಳ್ಳುವುದು ಖರೀದಿಯ ಕಡತ. ಅಪಾಯಕ್ಕೆ ಬದಲಾಗಿ ಹಣ ಕೊಡುವುದು ಭತ್ಯೆಯ ಕಡತ. ಸತ್ತ ಮೇಲೆ ಕುಟುಂಬಕ್ಕೆ ಚೆಕ್ ನೀಡುವುದು ಪರಿಹಾರದ ಕಡತ. ಈ ಮೂರನ್ನೂ ಒಟ್ಟಿಗೆ ಹಿಡಿದು, ನಾಳೆ ಬೆಳಿಗ್ಗೆ ಯಾರಿಗೆ ಎಲ್ಲಿ ಏಟಾಗಬಹುದು, ಅದನ್ನು ಇಂದೇ ತಪ್ಪಿಸುವುದು ಹೇಗೆ ಎಂದು ಯೋಚಿಸಬೇಕಾದ ನಾಲ್ಕನೆಯ ಕಡತ ಮಾತ್ರ ತೆರೆದಿಲ್ಲ.

ಮಾಲೀಕ ಯಾರು?

ಇದಕ್ಕೆ ಮುಖ್ಯ ಕಾರಣವನ್ನು ನೇಮಕಾತಿಯ ಚರಿತ್ರೆಯಲ್ಲಿ ಹುಡುಕಬೇಕು. ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲಿಯೇ ನಿಷೇಧಿಸಿದರು. ದೇಶದ ಸಂಸತ್ತು ಅಂಥದೊಂದು ಕಾಯ್ದೆ ಮಾಡಿದ್ದು 1993ರಲ್ಲಿ ಎಂಬುದನ್ನು ನೆನೆದರೆ ಆ ಹೆಜ್ಜೆಯ ಮಹತ್ವ ತಿಳಿಯುತ್ತದೆ. ಝಾಡಮಾಲಿಗಳ ಬದುಕು ಮತ್ತು ದುಡಿಮೆಯ ಸ್ಥಿತಿಗತಿಗಳನ್ನು ಅಧ್ಯಯನ ಮಾಡಿದ ಐ.ಪಿ.ಡಿ. ಸಾಲಪ್ಪ ಅವರ ಸಮಿತಿ 1976ರಲ್ಲಿ ವರದಿ ನೀಡಿತು. ಇಂದಿಗೂ ಕಾರ್ಮಿಕ ಸಂಘಟನೆಗಳ ಮನವಿಪತ್ರಗಳಲ್ಲಿ ಆ ವರದಿಯ ಹೆಸರು ಬರುತ್ತದೆಂದರೆ, ಅದು ಎಷ್ಟು ಸಮಗ್ರವಾಗಿತ್ತು ಎಂಬುದರ ಜೊತೆಗೆ ಎಷ್ಟು ಅಪೂರ್ಣವಾಗಿ ಜಾರಿಯಾಯಿತು ಎಂಬುದಕ್ಕೂ ಅದೇ ಸಾಕ್ಷಿ.

ಅನಂತರದ ದಶಕಗಳಲ್ಲಿ ನಗರಗಳು ಬೆಳೆದವು, ಕಾಯಂ ಹುದ್ದೆಗಳು ಬೆಳೆಯಲಿಲ್ಲ. ನಡುವೆ ಗುತ್ತಿಗೆದಾರ ಬಂದ. ಕಸ ಗುಡಿಸುವ ಹೆಣ್ಣುಮಗಳಿಗೆ ಸಂಬಳ ಕೊಡುವವನು ಒಬ್ಬ, ಹಾಜರಿ ಹಾಕುವವನು ಇನ್ನೊಬ್ಬ, ಕೆಲಸ ಹೇಳುವ ಆರೋಗ್ಯ ನಿರೀಕ್ಷಕ ಮತ್ತೊಬ್ಬ. ಕೈಗವಸು ಕೇಳಿದರೆ ಪಾಲಿಕೆಯವರು ಗುತ್ತಿಗೆದಾರನತ್ತ ಬೆರಳು ತೋರಿಸಿದರು, ಗುತ್ತಿಗೆದಾರ ಬಿಲ್ ಬಾಕಿಯ ಕಥೆ ಹೇಳಿದ. ಸುರಕ್ಷತೆಯ ಹೊಣೆ ಎಂಬುದು ಎಲ್ಲಿಯೋ ಈ ಇಬ್ಬರ ನಡುವಿನ ಸಂದಿಯಲ್ಲಿ ಬಿದ್ದುಹೋಯಿತು.

ಈ ಸಂದಿಯನ್ನು ಮುಚ್ಚುವ ಕೆಲಸ ಇತ್ತೀಚಿನ ವರ್ಷಗಳಲ್ಲಿ ಒಂದಷ್ಟು ನಡೆದಿದೆ. 2017ರಲ್ಲಿ ರಾಜ್ಯ ಸರ್ಕಾರ ಪೌರಕಾರ್ಮಿಕರ ಗುತ್ತಿಗೆ ಪದ್ಧತಿಯನ್ನು ಕೈಬಿಟ್ಟು ನೇರ ಪಾವತಿಗೆ ನಿರ್ಧರಿಸಿತು. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕವೂ ಚಾಲ್ತಿಗೆ ಬಂತು. ಅದೇ ವರ್ಷ ಕೆಲವರನ್ನು ಅಧ್ಯಯನ ಪ್ರವಾಸಕ್ಕೆಂದು ಸಿಂಗಪುರಕ್ಕೂ ಕಳುಹಿಸಲಾಯಿತು. (ಅಲ್ಲಿ ನೋಡಿ ಬಂದ ಯಂತ್ರಗಳು ಇಲ್ಲಿಗೆ ಎಷ್ಟು ಬಂದವು ಎಂದು ಪ್ರವಾಸ ಹೋದವರನ್ನು ಯಾರಾದರೂ ಕೇಳಬೇಕಿತ್ತು.) 2022ರ ಜುಲೈನಲ್ಲಿ ರಾಜ್ಯದಾದ್ಯಂತ ನಡೆದ ಮುಷ್ಕರದ ಬಳಿಕ 11,133 ಮಂದಿಯ ಕಾಯಮಾತಿಗೆ ಸಚಿವ ಸಂಪುಟ ಒಪ್ಪಿತು. 2025ರ ಮೇ ದಿನದಂದು ಬೆಂಗಳೂರಿನಲ್ಲಿ 12,692 ಮಂದಿಗೆ ನೇಮಕಾತಿ ಆದೇಶಗಳನ್ನು ನೀಡಲಾಯಿತು.

ಈ ಬೆಳವಣಿಗೆಯನ್ನು ಸಂಬಳ ಮತ್ತು ಪಿಂಚಣಿಯ ಕಣ್ಣಿನಿಂದ ಎಲ್ಲರೂ ನೋಡಿದ್ದಾರೆ. ಸುರಕ್ಷತೆಯ ಕಣ್ಣಿನಿಂದ ನೋಡಿದವರು ಕಡಿಮೆ. ಕಾಯಮಾತಿಯೊಂದಿಗೆ ಸ್ಥಳೀಯ ಸಂಸ್ಥೆ ನಿಸ್ಸಂದೇಹವಾಗಿ ಮಾಲೀಕನಾಯಿತು. ಗುತ್ತಿಗೆದಾರನತ್ತ ತೋರಿಸುವ ಬೆರಳು ಇನ್ನು ತನ್ನತ್ತಲೇ ತಿರುಗಬೇಕು. ಇದು ಒಂದು ಮಗ್ಗುಲು. ಇನ್ನೊಂದು ಮಗ್ಗುಲಲ್ಲಿ, ಕಾಯಮಾತಿಯ ಬಾಗಿಲು ತೆರೆದದ್ದು ಮುಖ್ಯವಾಗಿ ಬೀದಿ ಗುಡಿಸುವವರಿಗೆ. ಕಸದ ಆಟೋ ಚಾಲಕರು, ಸಹಾಯಕರು, ಲೋಡರುಗಳು, ಒಳಚರಂಡಿ ಕೆಲಸದವರು ಬಹುಪಾಲು ಹೊರಗೇ ಉಳಿದಿದ್ದಾರೆ. ಅಪಾಯದ ತಕ್ಕಡಿಯಲ್ಲಿ ತೂಗಿದರೆ ಹೆಚ್ಚು ಭಾರ ಬೀಳುವುದು ಈ ಹೊರಗುಳಿದವರ ಕಡೆಗೇ.

ಕಾರ್ಖಾನೆಗೆ ಇರುವುದು ನಗರಸಭೆಗೆ ಏಕಿಲ್ಲ?

1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 1,000 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ ಇರಬೇಕಿತ್ತು. ಆ ಕಾಯ್ದೆಯ ಸ್ಥಾನದಲ್ಲಿ ಬಂದಿರುವ, 2025ರ ನವೆಂಬರ್ 21ರಂದು ಜಾರಿಗೆ ತರಲಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈ ಸಂಖ್ಯೆಯನ್ನು 500ಕ್ಕೆ ಇಳಿಸಿದೆ. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಿಗೂ ಕಟ್ಟಡ ನಿರ್ಮಾಣಕ್ಕೂ 250, ಗಣಿಗಳಿಗೆ 100. ಒಳ್ಳೆಯದೇ. ಆದರೆ ಈ ಪಟ್ಟಿಯಲ್ಲಿ ನಗರದ ಸ್ಥಳೀಯ ಸಂಸ್ಥೆ ಇಲ್ಲ. ಐನೂರು ಮಂದಿ ಬಿಸ್ಕತ್ತು ತಯಾರಿಸುವಲ್ಲಿ ಕಾನೂನು ಕಡ್ಡಾಯವಾಗಿ ಬಯಸುವ ಅಧಿಕಾರಿಯನ್ನು, ಸಾವಿರಾರು ಮಂದಿ ಗಾಜು, ಸೂಜಿ, ಮಲಿನ ನೀರು, ವಾಹನ ದಟ್ಟಣೆಯ ನಡುವೆ ದುಡಿಯುವಲ್ಲಿ ಅದು ಬಯಸುವುದಿಲ್ಲ.

ಇದರ ಬೇರು ವಸಾಹತು ಕಾಲದ ಚಿಂತನೆಯಲ್ಲಿದೆ. ಅಪಾಯವೆಂದರೆ ತಿರುಗುವ ಚಕ್ರ, ಕುದಿಯುವ ಬಾಯ್ಲರು ಎಂಬ ತಿಳಿವಳಿಕೆಯಿಂದ ಹುಟ್ಟಿದ ಕಾನೂನುಗಳು ಯಂತ್ರವಿದ್ದಲ್ಲಿ ಮಾತ್ರ ಕಣ್ಣಿಟ್ಟವು. ಆ ಚಿಂತನೆಯ ತವರಾದ ಬ್ರಿಟನ್ನಿನಲ್ಲಿ ಲಾರ್ಡ್ ರಾಬೆನ್ಸ್ ಸಮಿತಿ 1972ರಲ್ಲಿ ವರದಿ ಕೊಟ್ಟು ಈ ದೃಷ್ಟಿಯನ್ನೇ ಬದಲಿಸಿತು. 1974ರಲ್ಲಿ ಬಂದ ಅಲ್ಲಿನ ಕಾಯ್ದೆ ಯಂತ್ರವನ್ನಲ್ಲ, ಮಾಲೀಕ-ನೌಕರ ಸಂಬಂಧವನ್ನು ಆಧಾರವಾಗಿ ಹಿಡಿಯಿತು. ಅಂದಿನಿಂದ ಅಲ್ಲಿ ಪುರಸಭೆಯೂ ಒಬ್ಬ ಮಾಲೀಕ, ಅದರ ಕಸದ ಲಾರಿಯೂ ಒಂದು ಕೆಲಸದ ಸ್ಥಳ. ನಾವು ಹಳೆಯ ಕಾನೂನನ್ನು ಪಡೆದೆವು, ತಿದ್ದುಪಡಿಯನ್ನು ಪಡೆಯಲಿಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಹೇಳಲೇಬೇಕು. ಯಾವುದು ‘ಕೈಗಾರಿಕೆ’ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1978ರಲ್ಲಿ ಕೊಟ್ಟ ಪ್ರಸಿದ್ಧ ತೀರ್ಪು ಹುಟ್ಟಿದ್ದು ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ನೌಕರರ ವ್ಯಾಜ್ಯದಿಂದ. ಲಾಭದ ಉದ್ದೇಶವಿಲ್ಲದ, ಜನರಿಗೆ ಸೇವೆ ಒದಗಿಸುವ ಸಂಸ್ಥೆಗಳೂ ಕೈಗಾರಿಕಾ ವಿವಾದ ಕಾಯ್ದೆಯ ವ್ಯಾಪ್ತಿಗೆ ಬರಬಹುದೆಂದು ಅದು ಹೇಳಿತು. ಅಂದರೆ ಜಗಳ ತೀರ್ಮಾನಕ್ಕೆ ನಗರಸೇವೆಯೂ ಕೈಗಾರಿಕೆ; ಜೀವರಕ್ಷಣೆಗೆ ಮಾತ್ರ ಅಲ್ಲ.

ಹೊಸ ಸಂಹಿತೆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಮಾಲೀಕನ ಸಾಮಾನ್ಯ ಕರ್ತವ್ಯಗಳು, ನೇಮಕಾತಿ ಪತ್ರ, ನಿಗದಿತ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆ, ಅಪಘಾತದ ವರದಿ ಮುಂತಾದವು ಅದರಲ್ಲಿವೆ. ಗುತ್ತಿಗೆ ಕಾರ್ಮಿಕರಿಗೆ ಕಲ್ಯಾಣ ಸೌಲಭ್ಯಗಳನ್ನು ಕೊಡಬೇಕಾದವನು ಗುತ್ತಿಗೆದಾರನಲ್ಲ, ಪ್ರಧಾನ ಮಾಲೀಕನೇ ಎಂದು ಅದು ಹೇಳುತ್ತದೆ. ಕುಡಿಯುವ ನೀರು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಾಗಿ ಇಬ್ಬರ ನಡುವೆ ಅಲೆಯುತ್ತಿದ್ದವರಿಗೆ ಇದು ಸಣ್ಣ ಬದಲಾವಣೆಯಲ್ಲ. ಆದರೆ ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗುವ ಸಂಖ್ಯೆಯನ್ನು 20ರಿಂದ 50ಕ್ಕೆ ಏರಿಸಲಾಗಿದೆ. ಬೆಂಗಳೂರು, ಮೈಸೂರುಗಳಿಗೆ ಇದು ಲೆಕ್ಕಕ್ಕಿಲ್ಲ. ಮೂವತ್ತು ನಲವತ್ತು ಮಂದಿ ಹೊರಗುತ್ತಿಗೆಯವರನ್ನು ಇಟ್ಟುಕೊಂಡ ಸಣ್ಣ ಪಟ್ಟಣಗಳಲ್ಲಿ ಅದೊಂದು ದೊಡ್ಡ ರಂಧ್ರ.

ಮತ್ತೊಂದು ಅಂಶ ನ್ಯಾಯಾಲಯಗಳ ಮೆಟ್ಟಿಲೇರುವುದು ಬಹುತೇಕ ಖಚಿತ. ಸಂಸ್ಥೆಯ ‘ಮೂಲ ಚಟುವಟಿಕೆ’ಗಳಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸುವಂತಿಲ್ಲ ಎನ್ನುವ ಸಂಹಿತೆ, ಗುಡಿಸುವುದು, ಕಸ ಸಂಗ್ರಹಿಸುವುದು, ವಿಲೇವಾರಿ ಮಾಡುವುದು ಮೂಲ ಚಟುವಟಿಕೆಯಲ್ಲ ಎಂದು ವಿನಾಯಿತಿ ಕೊಡುತ್ತದೆ. ಆದರೆ ಆ ವಿನಾಯಿತಿಗೆ ಒಂದು ಷರತ್ತಿದೆ: ಆ ಸಂಸ್ಥೆ ಅದೇ ಕೆಲಸಕ್ಕಾಗಿ ಸ್ಥಾಪಿತವಾಗಿರಬಾರದು. ಸಾಫ್ಟ್‌ವೇರ್ ಕಂಪನಿಗೆ ಕಸ ಗುಡಿಸುವುದು ಮೂಲ ಕೆಲಸವಲ್ಲ, ಸರಿ. ನಗರಸಭೆಗೆ? 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯೂ 1976ರ ಪೌರನಿಗಮಗಳ ಕಾಯ್ದೆಯೂ ನೈರ್ಮಲ್ಯವನ್ನು ಕಡ್ಡಾಯ ಕರ್ತವ್ಯವೆಂದೇ ಪರಿಗಣಿಸಿವೆ. ಕಸ ತೆಗೆಯುವುದು ನಗರಸಭೆಯ ಮೂಲ ಕೆಲಸವಲ್ಲದಿದ್ದರೆ ಇನ್ನಾವುದು ಮೂಲ ಕೆಲಸ?

ಮುಚ್ಚಳ ತೆಗೆಯುವ ಮುನ್ನ

ಸುರಕ್ಷತೆಯನ್ನು ಆಡಳಿತವಾಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮ್ಯಾನ್‌ಹೋಲ್‌ಗಿಂತ ಕ್ರೂರವಾದ ಉದಾಹರಣೆ ಬೇರೆ ಬೇಕಿಲ್ಲ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್‌ನಗರದ ಬಳಿ ಮೂವರು, 2021ರ ಜನವರಿಯಲ್ಲಿ ಕಲಬುರಗಿಯಲ್ಲಿ ಇಬ್ಬರು, ಅದೇ ವರ್ಷದ ಜೂನ್‌ನಲ್ಲಿ ರಾಮನಗರದಲ್ಲಿ ಮೂವರು ಒಳಚರಂಡಿ ಗುಂಡಿಗಳಲ್ಲಿ ಪ್ರಾಣ ಬಿಟ್ಟರು. ಇಂಥ ಘಟನೆಗಳಲ್ಲಿ ಒಬ್ಬನೇ ಸಾಯುವುದು ಅಪರೂಪ. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನು ಕುಸಿಯುತ್ತಾನೆ, ಮೂರನೆಯವನೂ ಇಳಿಯುತ್ತಾನೆ.

ಏಕೆ ಹೀಗೆ? ಕೊಳೆತ ಮಲಿನದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗ ತಲುಪಿದಾಗ ಮೂಗಿನ ಗ್ರಹಣಶಕ್ತಿಯೇ ಸೋತುಹೋಗುತ್ತದೆ. ವಾಸನೆ ನಿಂತಿತೆಂದು ಮನುಷ್ಯ ಧೈರ್ಯ ತಾಳುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಜೊತೆಗೆ ಮೀಥೇನ್ ಇರಬಹುದು, ಆಮ್ಲಜನಕ ಕಡಿಮೆಯಿರಬಹುದು. ಬಟ್ಟೆಯ ಮುಖಗವಸು ಇದಾವುದನ್ನೂ ತಡೆಯದು. ವರ್ಷಗಟ್ಟಲೆ ಇಳಿದ ಅನುಭವಸ್ಥನೂ ಸಾಯುವುದು ಇದೇ ಕಾರಣಕ್ಕೆ. ಇಲ್ಲಿ ಅನುಭವ ಹೇಳಿಕೊಡುವುದು ಮೂಗನ್ನು ನಂಬಲು, ಸಾಯಿಸುವುದು ಮೂಗು ಹಿಡಿಯಲಾರದ ಅನಿಲ.

ಕಾನೂನು ಏನು ಹೇಳುತ್ತದೆ? 2013ರ ಕಾಯ್ದೆ ಒಳಚರಂಡಿ ಮತ್ತು ಶೌಚಗುಂಡಿಗಳ ‘ಅಪಾಯಕಾರಿ ಶುಚಿ’ಯನ್ನು ನಿಷೇಧಿಸುತ್ತದೆ. ಮೊದಲ ಅಪರಾಧಕ್ಕೆ ಎರಡು ವರ್ಷಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಐದು ವರ್ಷ, ಐದು ಲಕ್ಷ. ಅಪರಾಧಕ್ಕೆ ಜಾಮೀನು ಹಕ್ಕಲ್ಲ. ಆದರೆ ವ್ಯಾಖ್ಯೆಯನ್ನು ಗಮನಿಸಬೇಕು. ರಕ್ಷಣಾ ಸಾಧನಗಳನ್ನು ಕೊಡದೆ, ಮುನ್ನೆಚ್ಚರಿಕೆಗಳನ್ನು ಪಾಲಿಸದೆ ಇಳಿಸಿದರೆ ಮಾತ್ರ ಅದು ‘ಅಪಾಯಕಾರಿ’. ಅಂದರೆ ಇಳಿಯುವಿಕೆ ನಿಂತಿಲ್ಲ, ಅದಕ್ಕೊಂದು ಉಡುಪು ತೊಡಿಸಲಾಗಿದೆ. ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಗೋದಾಮಿನ ರಸೀದಿ ತೋರಿಸಿ ಸಾಧನ ಕೊಟ್ಟಿದ್ದೆವು, ಅವನೇ ಹಾಕಿಕೊಳ್ಳಲಿಲ್ಲ ಎನ್ನಲು ಇದು ದಾರಿ ಮಾಡಿಕೊಡುತ್ತದೆ.

ಹಾಗೆಂದು ನಿಯಮಗಳು ಪೂರಾ ಬರಿದಲ್ಲ. ಅದೇ ವರ್ಷದ ನಿಯಮಾವಳಿಯ ಪ್ರಕಾರ ಮನುಷ್ಯನನ್ನು ಇಳಿಸಲು ಬೆರಳೆಣಿಕೆಯ ಸಂದರ್ಭಗಳಲ್ಲಿ ಮಾತ್ರ ಅವಕಾಶ. ಬೇರೆ ದಾರಿಯೇ ಇಲ್ಲವೆನಿಸಿದಾಗ ಸ್ಥಳೀಯ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಕಾರಣಗಳನ್ನು ಬರಹದಲ್ಲಿ ದಾಖಲಿಸಿ ಅನುಮತಿ ಕೊಡಬೇಕು. ಕೈಗಾರಿಕೆಗಳಲ್ಲಿ ‘ವರ್ಕ್ ಪರ್ಮಿಟ್’ ಎನ್ನುವುದು ಇದನ್ನೇ. ಕಾರ್ಖಾನೆಯ ಟ್ಯಾಂಕಿನೊಳಗೆ ಒಬ್ಬ ಇಳಿಯಬೇಕಾದರೆ ಅನಿಲ ಪರೀಕ್ಷೆಯ ಅಂಕಿ, ಮೇಲೆ ನಿಲ್ಲುವವನ ಹೆಸರು, ಎಳೆಯುವ ಹಗ್ಗ, ಮುಗಿಸುವ ವೇಳೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಧಿಕಾರಿ ಸಹಿ ಹಾಕುತ್ತಾನೆ. ಸಹಿ ಇಲ್ಲದೆ ಯಾರೂ ಇಳಿಯುವಂತಿಲ್ಲ. ಮ್ಯಾನ್‌ಹೋಲ್ ಸಾವು ಸಂಭವಿಸಿದಾಗಲೆಲ್ಲ ಪತ್ರಕರ್ತರೂ ತನಿಖಾಧಿಕಾರಿಗಳೂ ಕೇಳಬೇಕಾದ ಮೊದಲ ಪ್ರಶ್ನೆ ‘ಗುತ್ತಿಗೆದಾರ ಯಾರು’ ಎಂಬುದಲ್ಲ; ‘ಆ ಹಾಳೆ ಎಲ್ಲಿ, ಅದರ ಮೇಲೆ ಯಾರ ಸಹಿ ಇದೆ’ ಎಂಬುದು. ಹಾಳೆಯೇ ಇಲ್ಲವೆಂದಾದರೆ ಹೊಣೆ ಯಾರದೆಂದು ಹುಡುಕಬೇಕಾಗಿಯೇ ಇಲ್ಲ.

ಈಗ ಆಗುತ್ತಿರುವುದು ಬೇರೆಯೇ. ಎಫ್‌ಐಆರ್‌ನಲ್ಲಿ ಗುತ್ತಿಗೆದಾರನದೋ ಮೇಸ್ತ್ರಿಯದೋ ಹೆಸರು ಬರುತ್ತದೆ, ಕಿರಿಯ ಎಂಜಿನಿಯರ್ ಅಮಾನತಾಗುತ್ತಾನೆ, ಪರಿಹಾರ ಘೋಷಣೆಯಾಗುತ್ತದೆ. 2014ರ ಮಾರ್ಚ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. 2023ರ ಅಕ್ಟೋಬರ್ 20ರ ತೀರ್ಪು ಅದನ್ನು 30 ಲಕ್ಷಕ್ಕೂ, ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷಕ್ಕೂ ಏರಿಸಿತು. ಹೊರಗುತ್ತಿಗೆ ಕೆಲಸದಲ್ಲಿ ಸಾವು ಸಂಭವಿಸಿದರೆ ಗುತ್ತಿಗೆ ರದ್ದಾಗುವ, ಹಣದ ಹೊಣೆ ಬೀಳುವ ವ್ಯವಸ್ಥೆ ಬೇಕೆಂದೂ ಹೇಳಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಕೈಯಿಂದ ಒಳಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಲು ಆದೇಶಿಸಿತು. ಪರಿಹಾರದ ಮೊತ್ತ ಏರಿದ್ದು ನ್ಯಾಯವೇ. ಆದರೆ ಆ ಹಣ ಹೋಗುವುದು ಸಾರ್ವಜನಿಕ ಬೊಕ್ಕಸದಿಂದ. ಇಳಿಸಲು ಹೇಳಿದವನ ಜೇಬಿಗಾಗಲಿ ಬಡ್ತಿಗಾಗಲಿ ಅದು ತಾಗದಿದ್ದರೆ ಮೊತ್ತ ಎಷ್ಟಾದರೂ ಅವನ ನಾಳೆಯ ತೀರ್ಮಾನ ಬದಲಾಗುವುದಿಲ್ಲ.

ಮ್ಯಾನ್‌ಹೋಲ್ ಸಾವು ಸುದ್ದಿಯಾಗುತ್ತದೆ. ಸುದ್ದಿಯಾಗದ ಅಪಾಯಗಳ ಪಟ್ಟಿ ದೊಡ್ಡದು. ನಸುಕಿನ ಮಬ್ಬಿನಲ್ಲಿ ಮುಖ್ಯರಸ್ತೆ ಗುಡಿಸುವವರ ಬೆನ್ನ ಹಿಂದೆ ವೇಗದ ವಾಹನಗಳು. ಮೋಟು ಪೊರಕೆ ಹಿಡಿದು ಗಂಟೆಗಟ್ಟಲೆ ಬಗ್ಗಿ ಸವೆದ ಸೊಂಟ. ದೂಳು, ಕೆಮ್ಮು. ಇಲಿಜ್ವರ, ಧನುರ್ವಾಯು, ಹೆಪಟೈಟಿಸ್ ಬಿ. ಹೆಪಟೈಟಿಸ್ ಬಿ ತಡೆಯಲು ಮೂರು ಡೋಸುಗಳ ಲಸಿಕೆ ಇದೆ, ದುಬಾರಿಯೂ ಅಲ್ಲ. ಯಾವ ವಾರ್ಡಿನ ಯಾರಿಗೆ ಮೂರೂ ಡೋಸು ಪೂರ್ಣವಾಗಿದೆ ಎಂಬ ವಹಿ ಎಷ್ಟು ನಗರಸಭೆಗಳಲ್ಲಿ ಸಿಕ್ಕೀತು?

ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ಮಹಿಳೆಯರು, ಬಹುಪಾಲು ದಲಿತ ಸಮುದಾಯದವರು. ಬೆಳಿಗ್ಗೆ ಆರರ ಸುಮಾರಿಗೆ ಕೆಲಸಕ್ಕಿಳಿದವರಿಗೆ ಹತ್ತಿರದಲ್ಲಿ ಶೌಚಾಲಯವಿಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರಕೋಶದ ಸೋಂಕು, ಬೇಸಿಗೆಯಲ್ಲಿ ತಲೆಸುತ್ತು ಅಲ್ಲಿಂದ ಆರಂಭ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬೇಸಿಗೆ ಬಂದೊಡನೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ರೂಢಿ ಹಳೆಯದು. ಫ್ಯಾನಿನ ಕೆಳಗೆ ಕೂರುವ ಗುಮಾಸ್ತನಿಗೆ ಬಿಸಿಲು ತಾಗುತ್ತದೆಂದು ಆಡಳಿತಕ್ಕೆ ತಿಳಿದಿದೆ. ಡಾಂಬರು ರಸ್ತೆಯ ಮೇಲೆ ನಿಂತವರ ಪಾಳಿಯನ್ನು ಅಷ್ಟೇ ಶಿಸ್ತಿನಿಂದ ಬದಲಿಸುವ ಆದೇಶವೂ ಜೊತೆಯಲ್ಲೇ ಹೊರಡಬೇಕಲ್ಲವೇ?

ಇನ್ನು ಕೈಗವಸಿನ ವಿಷಯ. ಕಸ ನಿರ್ವಹಿಸುವ ಪ್ರತಿಯೊಬ್ಬರಿಗೂ ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ಮಳೆಯಂಗಿ, ಪಾದರಕ್ಷೆ, ಮುಖಗವಸು ಒದಗಿಸುವಂತೆಯೂ, ಅವು ಬಳಕೆಯಾಗುವಂತೆಯೂ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಪಷ್ಟವಾಗಿ ಹೇಳಿದವು. ಕೊಟ್ಟರೂ ಅವರೇ ಹಾಕಿಕೊಳ್ಳುವುದಿಲ್ಲ ಎಂಬುದು ಅಧಿಕಾರಿಗಳ ನಿತ್ಯದ ದೂರು. ಅದು ಪೂರ್ತಿ ಸುಳ್ಳಲ್ಲ. ಆದರೆ ಎಲ್ಲರಿಗೂ ಒಂದೇ ಅಳತೆಯ, ಬೆವರಿಗೆ ಜಾರುವ, ಹಿಡಿ ಕಸವನ್ನೂ ಹಿಡಿಯಲಾಗದ ರಬ್ಬರ್ ಗವಸು ಹಾಕಿಕೊಂಡು ಗೊತ್ತುಮಾಡಿದ ರಸ್ತೆಯನ್ನು ಗೊತ್ತಾದ ವೇಳೆಗೆ ಮುಗಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಬಳಸುವವರನ್ನು ಕೇಳದೆ, ಅತಿ ಕಡಿಮೆ ದರದ ಟೆಂಡರಿನಲ್ಲಿ ಕೊಂಡ ವಸ್ತು ಮನೆಯ ಮೂಲೆ ಸೇರುವುದು ಸಹಜ. ಅದೂ ಅಲ್ಲದೆ, ಸುರಕ್ಷತಾ ಶಾಸ್ತ್ರದಲ್ಲಿ ಮೈಮೇಲೆ ತೊಡುವ ಸಾಧನಕ್ಕೆ ಕೊನೆಯ ಸ್ಥಾನ. ಮೊದಲು ಅಪಾಯವನ್ನೇ ಇಲ್ಲವಾಗಿಸಬೇಕು. ಆಗದಿದ್ದರೆ ಯಂತ್ರವನ್ನು, ಆಮೇಲೆ ಕೆಲಸದ ವಿಧಾನವನ್ನು ಬದಲಿಸಬೇಕು. ಉಳಿದ ಅಪಾಯಕ್ಕೆ ಕೈಗವಸು. ನಾವು ಈ ಏಣಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ್ದೇವೆ.

ಓದುಗರೂ ಈ ಏಣಿಯ ಮೊದಲ ಮೆಟ್ಟಿಲ ಮೇಲೆಯೇ ನಿಂತಿದ್ದಾರೆ. ಒಣ ಕಸ, ಹಸಿ ಕಸ, ನೈರ್ಮಲ್ಯ ತ್ಯಾಜ್ಯವನ್ನು ಬೇರ್ಪಡಿಸಲು ಎರಡು ಡಬ್ಬಿ, ಒಂದು ಚೀಲ ಕಡ್ಡಾಯ ಎಂದು ಬೆಂಗಳೂರಿಗೆ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಹೇಳಿತು. ಇದನ್ನು ನಾವು ಪರಿಸರದ ಮಾತಾಗಿ, ಗೊಬ್ಬರದ ಮಾತಾಗಿ ಕೇಳಿದೆವು. ಕಸದ ಆಟೋದ ಸಹಾಯಕನಿಗೆ ಇದು ಬೇರೆಯೇ ಮಾತು. ಅನ್ನದ ಮುಸುರೆಯೊಳಗೆ ಒಡೆದ ಗಾಜು, ಬ್ಲೇಡು, ಇನ್ಸುಲಿನ್ ಸೂಜಿ, ಮಗುವಿನ ಡಯಾಪರ್ ಬೆರೆತು ಬಂದರೆ ಅವನು ಕೈಹಾಕಿ ಬೇರ್ಪಡಿಸಬೇಕು. ಸೂಜಿಯನ್ನು ಗಟ್ಟಿ ಬಾಟಲಿಯಲ್ಲಿ ಹಾಕಿ, ಗಾಜನ್ನು ಕಾಗದದಲ್ಲಿ ಸುತ್ತಿ ಕೊಡುವ ಮನೆಯವರು ಅವನ ಕೈಯಿಂದ ಒಂದು ಗಾಯ ತಪ್ಪಿಸುತ್ತಾರೆ.

ಬರೆದಿಡದ ಗಾಯ

ಹೀಗೆ ಗಾಯಗೊಂಡವರ ಸಂಖ್ಯೆ ಎಷ್ಟೆಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕಾಗುವುದು ಇಡೀ ವ್ಯವಸ್ಥೆಯ ಮೂಲ ದೋಷ. ಸಾವನ್ನು ಎಣಿಸಲಾಗುತ್ತದೆ, ಏಕೆಂದರೆ ಪೊಲೀಸರು ಬರುತ್ತಾರೆ. ಕೈಗೆ ಸೂಜಿ ಚುಚ್ಚಿದ್ದು, ನಾಯಿ ಕಚ್ಚಿದ್ದು, ಲಾರಿಯ ಹಿಂಬಾಗಿಲು ಬೆರಳು ಜಜ್ಜಿದ್ದು, ಬಿಸಿಲಿಗೆ ಕುಸಿದದ್ದು ಮಸ್ಟರ್ ರೋಲಿನಲ್ಲಿ ಗೈರುಹಾಜರಿಯಾಗಿ ಮಾತ್ರ ಉಳಿಯುತ್ತವೆ. ಬೀದಿದೀಪದ ಕಂಬ ಹತ್ತುವವರು, ನೀರುಗಂಟಿಗಳು, ಮರ ಕಡಿಯುವ ತಂಡದವರು, 2021ರ ಕೋವಿಡ್ ಅಲೆಯಲ್ಲಿ ಹಗಲಿರುಳು ದುಡಿದ ಚಿತಾಗಾರದ ಸಿಬ್ಬಂದಿಯ ಗತಿಯೂ ಅಷ್ಟೇ. ವಾರ್ಷಿಕ ಆರೋಗ್ಯ ತಪಾಸಣೆ ಶಿಬಿರಗಳು ನಡೆಯುತ್ತವೆ. ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ, ಚೀಟಿ ಕೊಡುತ್ತಾರೆ. ಆ ಚೀಟಿಗಳನ್ನು ಒಟ್ಟುಗೂಡಿಸಿ, ಇಂಥ ವಾರ್ಡಿನಲ್ಲಿ ಕೆಮ್ಮು ಹೆಚ್ಚು, ಇಂಥ ವಿಲೇವಾರಿ ಘಟಕದಲ್ಲಿ ಚರ್ಮರೋಗ ಹೆಚ್ಚು ಎಂದು ಕಂಡುಹಿಡಿದು ಕೆಲಸದ ರೀತಿ ಬದಲಿಸದಿದ್ದರೆ ತಪಾಸಣೆ ಎಂಬುದು ಇನ್ನೊಂದು ವಿತರಣಾ ಸಮಾರಂಭ.

2022-23ರ ಬಜೆಟ್‌ನಲ್ಲಿ ಪೌರಕಾರ್ಮಿಕರಿಗೆ ತಿಂಗಳಿಗೆ 2,000 ರೂಪಾಯಿಯ ಸಂಕಷ್ಟ ಭತ್ಯೆ ಘೋಷಿಸಲಾಯಿತು. ಕಡಿಮೆ ಸಂಬಳದ ಕುಟುಂಬಕ್ಕೆ ಆ ಹಣ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಅಪಾಯಕ್ಕೆ ಬೆಲೆ ಕಟ್ಟಿ ಕೊಟ್ಟ ಮೇಲೆ ಅಪಾಯವನ್ನು ತೆಗೆಯುವ ಆತುರ ಆಡಳಿತಕ್ಕೆ ಉಳಿಯುವುದಿಲ್ಲ; ಭತ್ಯೆ ಕಳೆದೀತೆಂಬ ಅಂಜಿಕೆಯಿಂದ ಕಾರ್ಮಿಕರೂ ಸುಮ್ಮನಾಗುವ ಸಂಭವವಿದೆ. ಕೇಂದ್ರ ಸರ್ಕಾರ 2023-24ರಲ್ಲಿ ಆರಂಭಿಸಿದ ‘ನಮಸ್ತೆ’ ಯೋಜನೆ ಒಳಚರಂಡಿ ಕಾರ್ಮಿಕರನ್ನು ಗುರುತಿಸಿ ರಕ್ಷಣಾ ಸಾಧನ, ಆರೋಗ್ಯ ವಿಮೆ ಕೊಡುತ್ತದೆ. ಅದೂ ಮೆಚ್ಚತಕ್ಕದ್ದೇ. ಆದರೂ ಅದು ವ್ಯಕ್ತಿಗೆ ವಸ್ತು ಕೊಡುವ ದಾರಿಯೇ, ಸಂಸ್ಥೆಯ ನಡವಳಿಕೆ ಬದಲಿಸುವ ದಾರಿಯಲ್ಲ.

ಬದಲಾಗಬೇಕಾದುದು ಏನೆಂದರೆ ದೊಡ್ಡ ತಂತ್ರಜ್ಞಾನವೇನೂ ಅಲ್ಲ. ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಗಾಯಗಳ ವಹಿ, ತಿಂಗಳಿಗೊಮ್ಮೆ ಅದು ಸಾಮಾನ್ಯ ಸಭೆಯ ಮುಂದೆ ಬರಬೇಕು. ಆರೋಗ್ಯ ನಿರೀಕ್ಷಕನ ಹುದ್ದೆ ಇಂದು ಊರಿನ ಆರೋಗ್ಯವನ್ನು ನಿರೀಕ್ಷಿಸುತ್ತದೆ, ಊರನ್ನು ಆರೋಗ್ಯವಾಗಿಡುವವರದನ್ನಲ್ಲ. ಆದ್ದರಿಂದ ಕೆಲಸ ನಿಲ್ಲಿಸುವ ಅಧಿಕಾರವುಳ್ಳ, ಕೆಲಸ ಬೇಗ ಮುಗಿಸಬೇಕಾದ ಒತ್ತಡವಿಲ್ಲದ ಪ್ರತ್ಯೇಕ ಸುರಕ್ಷತಾ ಅಧಿಕಾರಿ ಬೇಕು. ಸಣ್ಣ ಪಟ್ಟಣಗಳಿಗೆ ಜಿಲ್ಲೆಗೊಬ್ಬನನ್ನು ಹಂಚಿಕೊಳ್ಳಬಹುದು. ಕೈಗವಸು ಕೊಳ್ಳುವ ಮುನ್ನ ಹತ್ತು ಮಂದಿಗೆ ವಾರ ಕಾಲ ಹಾಕಿಸಿ ನೋಡುವಷ್ಟು ವ್ಯವಧಾನ ಬೇಕು. ಅಪಾಯಕಾರಿ ಎನಿಸಿದಾಗ ಇಳಿಯುವುದಿಲ್ಲ ಎಂದವನ ಹಾಜರಿ ಕತ್ತರಿಸುವುದಿಲ್ಲ ಎಂಬ ಲಿಖಿತ ಭರವಸೆ ಎಲ್ಲಕ್ಕಿಂತ ಮೊದಲು ಬೇಕು. ದಿನಗೂಲಿಯ ಹೊರಗುತ್ತಿಗೆಯವನಿಗೆ ‘ಆಗುವುದಿಲ್ಲ’ ಎಂಬ ಮಾತು ಒಂದು ದಿನದ ಅನ್ನದ ಬೆಲೆ ಕೇಳುತ್ತದೆ.

ಹಣವಿಲ್ಲ ಎಂಬ ಉತ್ತರ ಸಣ್ಣ ಪುರಸಭೆಗಳಿಂದ ಬಂದರೆ ಅದನ್ನು ತಳ್ಳಿಹಾಕಲಾಗದು. ಸಕ್ಕಿಂಗ್ ಯಂತ್ರ, ಜೆಟ್ಟಿಂಗ್ ಯಂತ್ರ ಕೊಂಡರೂ ಚಾಲಕನಿಲ್ಲದೆ, ಡೀಸೆಲ್ಲಿಲ್ಲದೆ ನಿಲ್ಲುವುದುಂಟು. ಕಿರಿದಾದ ಓಣಿಗಳಿಗೆ ದೊಡ್ಡ ವಾಹನ ನುಗ್ಗದು. ಆದರೆ ವಹಿಗೆ, ಸಹಿಗೆ, ಪಾಳಿಯ ವೇಳೆ ಬದಲಿಸುವುದಕ್ಕೆ, ಉದ್ದ ಹಿಡಿಯ ಪೊರಕೆಗೆ ಹಣದ ಕೊರತೆಯ ನೆಪ ನಿಲ್ಲುವುದಿಲ್ಲ.

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಈಗ ವಿಶೇಷ ಸಂದರ್ಭವೂ ಒದಗಿದೆ. ಬಿಬಿಎಂಪಿಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. 2025ರ ಸೆಪ್ಟೆಂಬರ್ 2ರಿಂದ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಕಾಯಂ ಆದ ಪೌರಕಾರ್ಮಿಕರು ಈ ಐದು ಪಾಲಿಕೆಗಳ ನೌಕರರು. ಒಳಚರಂಡಿ ಜಲಮಂಡಳಿಯದು, ಕಸ ಸಾಗಣೆಯ ಕೆಲಸ ಪ್ರತ್ಯೇಕ ಕಂಪನಿಯದು. ಹಳೆಯ ಸಂದಿಗಳು ಹೊಸ ಹೆಸರಿನಲ್ಲಿ ಮತ್ತೆ ತೆರೆದುಕೊಳ್ಳುವ ಅಪಾಯ ಇಲ್ಲಿದೆ. ಹೊಸ ಪಾಲಿಕೆಗಳಿಗೆ ಹುದ್ದೆಗಳ ಪಟ್ಟಿ ಸಿದ್ಧವಾಗುವಾಗ ಆಯುಕ್ತರು, ಜಂಟಿ ಆಯುಕ್ತರು, ಮುಖ್ಯ ಎಂಜಿನಿಯರುಗಳ ಸಂಖ್ಯೆ ಐದು ಪಟ್ಟಾಗಲು ಯಾರ ಒತ್ತಾಯವೂ ಬೇಕಾಗುವುದಿಲ್ಲ. ಆ ಪಟ್ಟಿಯಲ್ಲಿ ಸುರಕ್ಷತಾ ಅಧಿಕಾರಿ ಎಂಬ ಹುದ್ದೆ ಇದೆಯೇ ಎಂದು ಕೇಳುವ ಹಕ್ಕು ತೆರಿಗೆದಾರರಿಗಿದೆ, ಕಾರ್ಮಿಕ ಸಂಘಗಳಿಗಿದೆ. ಪಾಲಿಕೆಗಳಿಗೆ ಚುನಾವಣೆ ನಡೆದು ಮತ ಕೇಳಲು ಬರುವವರಿಗೂ ಇದೇ ಪ್ರಶ್ನೆಯನ್ನು ಕೇಳಬಹುದು.